ಕುದುರೆಯಿಂದ ಬಿದ್ದವರ ಊರಿಗೆ ಹೊರಟಿದ್ದೇವೆ!

ಭಾನುವಾರದ ಮಾರ್ನಿಂಗ್ ಷೋ. ಊರಿಗೆ ಇದ್ದ ಒಂದೇ ಟಾಕೀಸು. ಗಾಂಧಿ ಕ್ಲಾಸಿನ ಬೆಂಚು. ತೆರೆಯ ಮೇಲೆ ಧೂಳೆಬ್ಬಿಸುತ್ತಾ ಬರುವ ಕುದುರೆಗಳು... ಢಂ! ಢಂ! ತಲೆಗೆ ಗರಿ ಕಟ್ಟಿದ 'ರೆಡ್ ಇಂಡಿಯನ್' ಒಬ್ಬ ಉರುಳಿ ಬಿದ್ದ. ನಾವು ಶಿಳ್ಳೆ ಹೊಡೆದೆವು. ಇನ್ನೊಬ್ಬ ಬಿದ್ದ. ಇನ್ನೊಂದು ಶಿಳ್ಳೆ! ಇಂಗ್ಲಿಷು ಒಂದಕ್ಷರ ಅರ್ಥವಾಗದಿದ್ದರೂ ಯಾರು ಬಿದ್ದಾಗ ಶಿಳ್ಳೆ ಹೊಡೀಬೇಕು ಅನ್ನೋದು ಮಾತ್ರ ನಮಗೆ ಚೆನ್ನಾಗಿ ಗೊತ್ತಿತ್ತು.

ಆಗ ನನ್ನ ಪಕ್ಕ ಕೂತು ನನಗಿಂತ ಜೋರಾಗಿ ಶಿಳ್ಳೆ ಹೊಡೆದವನು ಈಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಮೊನ್ನೆ ಫೋನು. "ಬಾರೋ, ಕೌಬಾಯ್ ಊರು ನೋಡಿಬರೋಣ. ಸಾಂಟಾ ಫೆ!"

ಎಲ್ಲಿದೆ ಈ ಊರು ಅಂತೀರಾ? ನ್ಯೂ ಮೆಕ್ಸಿಕೋ ರಾಜ್ಯದ ರಾಜಧಾನಿ. ಮರುಭೂಮಿ ಅಂದಕೂಡಲೇ ಮರಳುಗುಡ್ಡ, ಒಂಟೆ ನೆನೆಯಬೇಡಿ. ಇದು ಬೆಟ್ಟದ ಮೇಲಿನ ಒಣನಾಡು, ಎತ್ತರ ಸುಮಾರು 7,000 ಅಡಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಎತ್ತರದಲ್ಲಿ ಒಂದಿಡೀ ಊರು! ಹೋದ ದಿನವೇ ಹೀರೋ ಥರ ಮೆಟ್ಟಿಲು ಹಾರಿದರೆ ಏದುಸಿರು, ತಲೆನೋವು ಗ್ಯಾರಂಟಿ. ಮೊದಲ ದಿನ ನೀರು ಕುಡಿಯುತ್ತಾ ನಿಧಾನವಾಗಿ ಓಡಾಡುವುದು ಅಂತ ನಮ್ಮ ಪಟ್ಟಿಯಲ್ಲಿ ಬರೆದಿದ್ದೇವೆ.

ಪಟ್ಟಿಯ ತಲೆಯಲ್ಲಿ ಗೆಳೆಯ ಬರೆದದ್ದು ಷೂಟಿಂಗ್ ಜಾಗಗಳು. ಊರಿನ ಹೊರಗೆ ಬೊನಾಂಜಾ ಕ್ರೀಕ್ ರಾಂಚ್ ಅಂತ ಒಂದು ದನದ ಹುಲ್ಲುಗಾವಲಿದೆ. ಜೇಮ್ಸ್ ಸ್ಟುವರ್ಟ್‌ನ 'ದಿ ಮ್ಯಾನ್ ಫ್ರಮ್ ಲಾರಮಿ' (1955) ಅಲ್ಲಿ ತೆಗೆದದ್ದು. 2007ರ '3:10 ಟು ಯೂಮಾ' ಕೂಡ. ಅದೇ ಸೀಮೆಯ ಇನ್ನೊಂದು ರಾಂಚ್‌ನಲ್ಲಿ 'ಸಿಲ್ವರಾಡೋ' (1985) ಚಿತ್ರಕ್ಕಾಗಿ ಒಂದು ಊರನ್ನೇ ಕಟ್ಟಿದ್ದರು. (ನಮ್ಮವರ ಆಲ್‌ಟೈಂ ಫೇವರಿಟ್ 'ಮೆಕನ್ನಾಸ್ ಗೋಲ್ಡ್' ಮಾತ್ರ ಇಲ್ಲಿಯದಲ್ಲ, ಅದು ಅರಿಜೋನಾ, ಯೂಟಾ ಕಡೆಯದು. ಗೆಳೆಯನಿಗೆ ಹೇಳಿದಾಗ ಮುಖ ಸಪ್ಪೆಯಾಯಿತು ಅಂತ ಫೋನಿನಲ್ಲೇ ಗೊತ್ತಾಯಿತು!)

ಆದರೆ ಬೊನಾಂಜಾ ಕ್ರೀಕ್‌ನ ಹೆಸರು ಓದಿದಾಗ ನನಗೆ ನೆನಪಾದದ್ದು ಬೇರೆ. 2021ರ ಅಕ್ಟೋಬರ್ 21. ಅಲ್ಲಿ 'ರಸ್ಟ್' ಅನ್ನುವ ವೆಸ್ಟರ್ನ್ ಚಿತ್ರದ ರಿಹರ್ಸಲ್. ಪಿಸ್ತೂಲಿನೊಳಗೆ ಇರಬಾರದಿದ್ದ ನಿಜವಾದ ಗುಂಡು ಹಾರಿತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ವಯಸ್ಸು 42. ನಿರ್ದೇಶಕರಿಗೂ ಗಾಯ. ಆಯುಧಗಳ ಉಸ್ತುವಾರಿಯಲ್ಲಿದ್ದಾಕೆಗೆ 2024ರಲ್ಲಿ 18 ತಿಂಗಳ ಜೈಲಾಯಿತು. 'ಢಂ' ಅಂದ ಮೇಲೆ ಎದ್ದು ಟೀ ಕುಡಿಯಲು ಹೋಗುವುದು ಷೂಟಿಂಗ್. ಆ ದಿನ ಎದ್ದು ಬರಲಿಲ್ಲ. ಅದು ಖಾಸಗಿ ಜಾಗ ಬೇರೆ. ಗೇಟಿನ ಮುಂದೆ ನಿಂತು ಸೆಲ್ಫಿ ಹೊಡೆಯಲು ನನಗೆ ಮನಸ್ಸಿಲ್ಲ ಅಂದೆ. ಗೆಳೆಯ ಒಪ್ಪಿದ.

ಹಾಗಾದರೆ ನೋಡೋದೇನು? ಊರಿನ ನಟ್ಟನಡುವೆ ಒಂದು ಚೌಕ. ಅದರ ಒಂದು ಬದಿಗೆ 'ಪ್ಯಾಲೆಸ್ ಆಫ್ ದಿ ಗವರ್ನರ್ಸ್'. ಹೆಸರಿಗೆ ಅರಮನೆ, ಕಣ್ಣಿಗೆ ಉದ್ದನೆ ಜಗಲಿಯ ಮಣ್ಣಿನ ಮನೆ! 1610ರಲ್ಲಿ ಸ್ಪೇನಿನವರು ರಾಜಧಾನಿ ಮಾಡಿಕೊಂಡಾಗ ಶುರುವಾದ ಕಟ್ಟಡ. ಈ ಮನೆಯ ಕಥೆ ಕೇಳಿ. ಸ್ಪೇನಿನವರು ಸುತ್ತಲಿನ ಪ್ವೆಬ್ಲೋ ಜನರಿಂದ ಬಿಟ್ಟಿ ದುಡಿಸಿದರು, ಅವರ ಪೂಜೆ ಪುನಸ್ಕಾರ ನಿಲ್ಲಿಸಿದರು. 1680ರಲ್ಲಿ ಪೊಪೇ ಅನ್ನುವ ನಾಯಕ ಹಳ್ಳಿಹಳ್ಳಿಗೂ ಓಟಗಾರರನ್ನು ಕಳಿಸಿದ. ಅವರ ಕೈಯಲ್ಲಿ ಗಂಟು ಹಾಕಿದ ಹಗ್ಗ. ದಿನಕ್ಕೊಂದು ಗಂಟು ಬಿಚ್ಚುವುದು, ಗಂಟು ಮುಗಿದ ದಿನ ದಂಗೆ! ಗುಟ್ಟು ಮೊದಲೇ ರಟ್ಟಾಯಿತು. ಆದರೂ ಬಿಡಲಿಲ್ಲ. ಅರಮನೆಗೆ ಮುತ್ತಿಗೆ ಹಾಕಿ, ನೀರು ಕಡಿದು, ಸ್ಪೇನಿನವರನ್ನು ಊರುಬಿಡಿಸಿದರು. ಹನ್ನೆರಡು ವರ್ಷ ಆ ಅರಮನೆಯಲ್ಲಿ ಅವರೇ ಸಂಸಾರ ಮಾಡಿದರು. ಸ್ಪೇನಿನವರು ತಿರುಗಿ ಬಂದದ್ದು 1692ರಲ್ಲಿ.

ಎಂಥ ಸ್ಕ್ರೀನ್‌ಪ್ಲೇ! ನಾವು ಬೆಂಚಿನ ಮೇಲೆ ಕೂತು ನೋಡಿದ ಒಂದು ಚಿತ್ರದಲ್ಲೂ ಇದು ಬರಲಿಲ್ಲ. ಅಲ್ಲಿ ಅವರ ಪಾತ್ರ ಒಂದೇ, ಬೀಳೋದು.

ಈಗ ಅದೇ ಅರಮನೆಯ ಜಗಲಿಯಲ್ಲಿ ಆ ಜನ ಸಾಲಾಗಿ ಕೂತು ಬೆಳ್ಳಿ, ನೀಲಿ ಟರ್ಕಾಯ್ಸ್ ಕಲ್ಲಿನ ಒಡವೆ, ಮಡಕೆ ಮಾರುತ್ತಾರೆ. ಯಾರು ಬೇಕಾದರೂ ಕೂರುವಂತಿಲ್ಲ. ತಾವೋ ಮನೆಯವರೋ ಕೈಯಾರೆ ಮಾಡಿದ್ದೇ ಆಗಿರಬೇಕು. ಜಾಗಕ್ಕೆ ಬೆಳಿಗ್ಗೆ ಚೀಟಿ ಎತ್ತುತ್ತಾರೆ. ಕೇಳದೆ ಫೋಟೋ ತೆಗೆಯಬಾರದು. ಅರ್ಧ ರೇಟಿಗೆ ಕೇಳುವ ನಮ್ಮ ಚಾಳಿ ಅಲ್ಲಿ ಬೇಡ.

ಉಳಿದದ್ದು ಚುಟುಕಾಗಿ ಹೇಳಿಬಿಡ್ತೀನಿ. ಊರೆಲ್ಲ ಮಣ್ಣಿನ ಬಣ್ಣ. ಹಳೆಯವು ಹುಲ್ಲು ಬೆರೆಸಿದ ಮಣ್ಣಿಟ್ಟಿಗೆಯವು. ಹೊಸವು ಎಷ್ಟೋ ಸಿಮೆಂಟಿಗೆ ಮಣ್ಣಿನ ಮೇಕಪ್ಪು! ಹಳೇ ಊರಿನೊಳಗೆ ಹೀಗೇ ಕಟ್ಟಬೇಕು ಅಂತ 1957ರಿಂದ ಕಾನೂನೇ ಇದೆ. ಕ್ಯಾನ್ಯನ್ ರೋಡ್ ಅನ್ನುವ ಬೀದಿಯ ತುಂಬ ಚಿತ್ರ, ಶಿಲ್ಪಗಳ ಗ್ಯಾಲರಿಗಳು. ನೋಡಲು ಕಾಸಿಲ್ಲ, ಕೊಳ್ಳಲು ನಮ್ಮಲ್ಲಿ ಕಾಸಿಲ್ಲ. ಮೂಳೆ, ಬೆಟ್ಟ, ಹೂವು ಬರೆದ ಜಾರ್ಜಿಯಾ ಓಕೀಫ್‌ಳ ಮ್ಯೂಸಿಯಂ ಇದೆ. ಆಕೆ ಇದೇ ಊರಿನಲ್ಲಿ 1986ರಲ್ಲಿ ತೀರಿಕೊಂಡಾಗ ವಯಸ್ಸು 98! ಆಕೆ ಬದುಕಿದ್ದ ಘೋಸ್ಟ್ ರಾಂಚ್‌ಗೆ ಕಾರಿನಲ್ಲಿ ಒಂದೂಕಾಲು ಗಂಟೆ. 'ಓಪನ್‌ಹೈಮರ್' (2023) ಚಿತ್ರದ ಸೆಟ್ ಹಾಕಿದ್ದು ಅಲ್ಲೇ. ಒಂದು ದಿನ ಅದಕ್ಕೆ. ಊಟಕ್ಕೆ ಕೂತರೆ "ಕೆಂಪೋ, ಹಸಿರೋ?" ಅಂತ ಕೇಳುತ್ತಾರಂತೆ. ಮೆಣಸಿನಕಾಯಿ ಸಾರಿನ ವಿಚಾರ! ಎರಡೂ ಬೇಕಾದರೆ "ಕ್ರಿಸ್‌ಮಸ್" ಅನ್ನಬೇಕು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂದದ್ದೇ ಅಮೆರಿಕ ಖಂಡದಿಂದ. ಹಾಗಾಗಿ ಬ್ಯಾಡಗಿ ಕಡೆಯವರು ಅಲ್ಲಿ ಹೊರಗಿನವರಲ್ಲ.

ಆಗಸ್ಟ್‌ನಲ್ಲಿ ದೊಡ್ಡ ಇಂಡಿಯನ್ ಮಾರ್ಕೆಟ್ ಇದೆ, 1922ರಿಂದ ನಡೆದು ಬಂದದ್ದು. ಆಗ ಹೋಟೆಲ್ ರೇಟು ಮುಗಿಲಿಗೆ. ಅದಕ್ಕೇ ಸೆಪ್ಟೆಂಬರ್ ಕೊನೆಗೆ ಇಟ್ಟುಕೊಂಡಿದ್ದೇವೆ. ಬೆಟ್ಟದ ಆಸ್ಪೆನ್ ಮರಗಳ ಎಲೆ ಹಳದಿಯಾಗುವ ಕಾಲ. ರಾತ್ರಿ ಸ್ವೆಟರ್ ಬೇಕು. ಡಲ್ಲಾಸ್‌ನಿಂದ ಕಾರಿನಲ್ಲಿ 1,000 ಕಿ.ಮೀ. ಮೇಲೆ. ಬೇಡ ಅಂದರೆ ಆಲ್ಬುಕರ್ಕಿಗೆ ವಿಮಾನ, ಅಲ್ಲಿಂದ ಒಂದೂವರೆ ಗಂಟೆ ರೈಲು.

ಎಲ್ಲ ಬರೆದು ಮುಗಿಸಿದ ಮೇಲೆ ಗೆಳೆಯ ಕೇಳಿದ: "ಆ ಜಗಲಿಯಲ್ಲಿ ಯಾರಾದರೂ ನೀವು ಯಾರು ಅಂತ ಕೇಳಿದರೆ ಏನೋ ಹೇಳೋದು?"

"ಇಂಡಿಯನ್ಸ್ ಅನ್ನಬೇಕು, ಇನ್ನೇನು?"

ಜೋರಾಗಿ ನಕ್ಕ. ಆಮೇಲೆ ಸ್ವಲ್ಪ ಹೊತ್ತು ಲೈನಿನಲ್ಲಿ ಸದ್ದೇ ಇಲ್ಲ.

"ಮೊದಲನೇ ದಿನವೇ ಅಲ್ಲಿಗೆ ಹೋಗೋಣ ಕಣೋ," ಅಂದ. "ಬೆಳಿಗ್ಗೆ ಚೀಟಿ ಎತ್ತೋ ಹೊತ್ತಿಗೆ."