ನಮ್ಮ ಕೆಪಾಸಿಟರಿಗೆ ವಯಸ್ಸೇ ಆಗಿರಲಿಲ್ಲ

ಫೈನಲ್ ಇಯರ್ ಪ್ರಾಜೆಕ್ಟಿಗೆ ನಾವು ಮೂವರು ಆರಿಸಿಕೊಂಡದ್ದು ಕರೆಂಟಿನಿಂದ ಓಡುವ ಹಡಗು. ಹಡಗನ್ನು ಹತ್ತಿರದಿಂದ ನೋಡಿದವರು ನಮ್ಮಲ್ಲಿ ಒಬ್ಬರೂ ಇಲ್ಲ! ಸಿಮ್ಯುಲಿಂಕ್‌ನಲ್ಲೇ ಕಟ್ಟಿದೆವು: ಡೀಸೆಲ್ ಜನರೇಟರ್, ಕನ್ವರ್ಟರ್, ಪ್ರೊಪೆಲರ್ ತಿರುಗಿಸೋ ಮೋಟಾರ್. ಸಪ್ಲೈ 60 ಹರ್ಟ್ಸ್. ಆರು ಪಲ್ಸ್‌ನ ಕನ್ವರ್ಟರ್ ಐದನೇ, ಏಳನೇ ಹಾರ್ಮೋನಿಕ್ ಎಬ್ಬಿಸುತ್ತೆ, ಅಂದರೆ 300 ಮತ್ತು 420 ಹರ್ಟ್ಸ್. ಅವಕ್ಕೆ ಇಂಡಕ್ಟರ್, ಕೆಪಾಸಿಟರ್ ಸೇರಿಸಿ ಫಿಲ್ಟರ್ ಹಾಕಿದೆವು. ವೋಲ್ಟೇಜ್ ವೇವ್‌ಫಾರ್ಮ್ ನೀಟಾಗಿ ಬಂತು. ಖುಷಿಯೋ ಖುಷಿ.

ಮೊದಲ ರಿವ್ಯೂನಲ್ಲಿ ಗೈಡ್ ಮೇಡಂ ಒಂದೇ ಪ್ರಶ್ನೆ ಕೇಳಿದರು: "ಕೆಪಾಸಿಟರ್ ಹಳೇದಾದ್ರೆ ಏನಾಗುತ್ತಪ್ಪಾ?"

ಆ ರಾತ್ರಿ ಹಾಸ್ಟೆಲ್‌ನಲ್ಲಿ ಕೆಪಾಸಿಟರ್ ವ್ಯಾಲ್ಯೂ ಶೇ. 20 ಇಳಿಸಿ ರನ್ ಮಾಡಿದೆ. 300ಕ್ಕೆ ಟ್ಯೂನ್ ಆಗಿದ್ದ ಫಿಲ್ಟರ್ ಸುಮಾರು 335ಕ್ಕೆ ಜರುಗಿತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಜನರೇಟರಿನ ಇಂಡಕ್ಟೆನ್ಸ್ ಜೊತೆ ಸೇರಿ 300ರ ಹತ್ತಿರವೇ ರೆಸೊನೆನ್ಸ್ ಆಗಿ, ತಡೆಯಬೇಕಾದ ಹಾರ್ಮೋನಿಕ್ಕನ್ನೇ ಹೆಚ್ಚಿಸುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

"ಮಗಾ, ಈ ಗ್ರಾಫ್ ಬಿಟ್ಬಿಡೋಣ. ಯಾರು ನೋಡ್ತಾರೆ?" ಅಂದ ಗೆಳೆಯ. ಸುಳ್ಳು ಯಾಕೆ, ನಾನೂ ಒಪ್ಪಿದೆ. ರಿಪೋರ್ಟಿನಿಂದ ಆ ಪುಟ ತೆಗೆದೆವು.

ಇಂಟ್ರೊಡಕ್ಷನ್‌ಗೆ ನಾಲ್ಕು ಸಾಲು ಹುಡುಕುವಾಗ 'ಕ್ವೀನ್ ಮೇರಿ 2' ಹಡಗಿನ ತನಿಖಾ ವರದಿ ಸಿಕ್ಕಿತು. 2010ರ ಸೆಪ್ಟೆಂಬರ್ 23ರ ಬೆಳಗಿನ ಜಾವ ಅದು ಬಾರ್ಸಿಲೋನಾ ಬಂದರಿಗೆ ಹೊರಟಿತ್ತು. ಹಾರ್ಮೋನಿಕ್ ಫಿಲ್ಟರ್ ಕೋಣೆಯಲ್ಲಿ ಸ್ಫೋಟ. ನಾಲ್ಕೂ ಪ್ರೊಪಲ್ಷನ್ ಮೋಟಾರ್ ನಿಂತವು, ಹಡಗಿನ ಕರೆಂಟೇ ಹೋಯಿತು. ಪುಣ್ಯಕ್ಕೆ ಹಡಗು ತೆರೆದ ಸಮುದ್ರದಲ್ಲಿತ್ತು, ಯಾರಿಗೂ ಗಾಯವಾಗಲಿಲ್ಲ. ಕಾರಣ, ದಿನ ಕಳೆದಂತೆ ಹಾಳಾಗುತ್ತಾ ಬಂದು ಕೈಕೊಟ್ಟ ಒಂದು ಕೆಪಾಸಿಟರ್. ಅದನ್ನು ಮೊದಲೇ ಹೇಳಬೇಕಿದ್ದ ಅಲಾರ್ಮ್ ವ್ಯವಸ್ಥೆ ವರ್ಷಗಳಿಂದ ಕೆಲಸವೇ ಮಾಡುತ್ತಿರಲಿಲ್ಲ.

ಓದಿ ಮುಗಿಸಿದಾಗ ನಮ್ಮ ಡಿಲೀಟ್ ಮಾಡಿದ ಪುಟ ನೆನಪಾಯಿತು. ನಾವು ಮಾಡಿದ್ದೂ ಅಲಾರ್ಮ್ ಆಫ್ ಮಾಡೋ ಕೆಲಸವೇ ಅಲ್ಲವಾ?

ಬೆಳಿಗ್ಗೆ ಪುಟ ವಾಪಸ್ ಸೇರಿಸಿದೆವು. ಫಿಲ್ಟರನ್ನು 300ರ ಬದಲು 285ಕ್ಕೆ ಟ್ಯೂನ್ ಮಾಡಿದೆವು, ಕೆಪಾಸಿಟರ್ ಶೇ. 10 ಇಳಿದರೂ ಈಗ ಕೆಲಸ ಮಾಡುತ್ತೆ. ಶೇ. 20ಕ್ಕೆ ಗ್ರಾಫ್ ಇನ್ನೂ ಚೆನ್ನಾಗಿಲ್ಲ. ಅದನ್ನೂ ಹಾಗೆಯೇ ಬರೆದೆವು. ಮೇಡಂ ಅತಿ ಹೆಚ್ಚು ಹೊತ್ತು ನೋಡಿದ್ದು ಆ ಪುಟವನ್ನೇ.

ಜೂನಿಯರ್‌ಗಳೇ, ಸಿಮ್ಯುಲೇಶನ್‌ನಲ್ಲಿ ನಾವಾಗಿ ಹಳೇದು ಮಾಡೋವರೆಗೆ ಯಾವುದೂ ಹಳೇದಾಗಲ್ಲ. ಒಂದ್ಸಲ ಮಾಡಿ ನೋಡಿ.