ವಿಧಾನಸಭೆಯ ಮುಂದೆ ಸೇರದ ಜನ

1962ರ ಜುಲೈ 1, ಭಾನುವಾರ. ಕೆನಡಾದ ಗೋಧಿ ಸೀಮೆ ಸಸ್ಕಾಚೆವಾನ್‌ನಲ್ಲಿ ಅವತ್ತು ಹೊಸ ಕಾನೂನು ಜಾರಿಗೆ ಬಂತು. ಕಾಯಿಲೆ ಯಾರದ್ದೇ ಇರಲಿ, ಡಾಕ್ಟರ ಫೀಸು ಸರ್ಕಾರಿ ವಿಮೆಯದ್ದು. ಅದನ್ನು ವಿರೋಧಿಸಿ ಅದೇ ದಿನ ಪ್ರಾಂತ್ಯದ ಬಹುಪಾಲು ಡಾಕ್ಟರುಗಳು ಕ್ಲಿನಿಕ್ಕಿಗೆ ಬೀಗ ಹಾಕಿದರು. ಕೆಲವು ಆಸ್ಪತ್ರೆಗಳಲ್ಲಿ ತುರ್ತು ಚಿಕಿತ್ಸೆ ಮಾತ್ರ ಉಳಿಯಿತು.

ಪ್ರಾಂತ್ಯದ ರಾಜಧಾನಿ ರೆಜೈನಾದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಚಳಿಗಾಲದ ರಾತ್ರಿಗಳಲ್ಲಿ ಒಲೆಯ ಮುಂದೆ ಕೂತು ಇದನ್ನು ಹೇಳುವಾಗ ಮೊದಲು ಹಿಂದಕ್ಕೆ ಹೋಗುತ್ತಿದ್ದರು. 1915ರ ಹೊತ್ತಿಗೇ ಸಾರ್ನಿಯಾ ಎಂಬ ಗ್ರಾಮಾಂತರ ಪುರಸಭೆ, ಊರು ಬಿಡಲು ಹೊರಟ ಡಾಕ್ಟರನ್ನು ವರ್ಷಕ್ಕೆ 1,500 ಡಾಲರ್ ಕೊಟ್ಟು ಉಳಿಸಿಕೊಂಡಿತ್ತು. ಮೂವತ್ತರ ದಶಕದ ಬರದಲ್ಲಿ ರೈತರ ಹತ್ತಿರ ಕಾಸಿರಲಿಲ್ಲ, ಡಾಕ್ಟರಿಗೆ ಕೋಳಿಯನ್ನೋ ಆಲೂಗಡ್ಡೆಯನ್ನೋ ಕೊಟ್ಟು ಕೈಮುಗಿದವರೇ ಹೆಚ್ಚು. 1944ರಲ್ಲಿ ಎಡಪಂಥೀಯ ಸಿಸಿಎಫ್ ಪಕ್ಷದ ಟಾಮಿ ಡಗ್ಲಸ್ ಪ್ರಾಂತ್ಯದ ಅಧಿಕಾರಕ್ಕೆ ಬಂದರು. ಚಿಕ್ಕಂದಿನಲ್ಲಿ ಅವರ ಕಾಲನ್ನೇ ಕತ್ತರಿಸಬೇಕಾಗಿತ್ತು. ವಿದ್ಯಾರ್ಥಿಗಳು ನೋಡಿ ಕಲಿಯಲಿ ಎಂದು ಒಬ್ಬ ಸರ್ಜನ್ ಪುಕ್ಕಟೆ ಆಪರೇಷನ್ ಮಾಡಿದ್ದರಿಂದ ಕಾಲು ಉಳಿಯಿತು. ಆಸ್ಪತ್ರೆಯ ಖರ್ಚಿಗೆ ವಿಮೆ 1947ರಲ್ಲೇ ಬಂದಿತ್ತು. ಡಾಕ್ಟರ ಫೀಸೊಂದು ಬಾಕಿ ಇತ್ತು.

ಆದರೆ ಜಗಳ ಎದುರಾದಾಗ ಡಗ್ಲಸ್ ಪ್ರಾಂತ್ಯದ ಗದ್ದುಗೆಯಲ್ಲಿರಲಿಲ್ಲ. ರಾಷ್ಟ್ರ ರಾಜಕಾರಣಕ್ಕೆ ಹೋಗಿದ್ದ ಅವರು ಜೂನ್ 18ರ ಸಂಸತ್ ಚುನಾವಣೆಯಲ್ಲಿ ರೆಜೈನಾದಲ್ಲೇ ಸೋತರು. ಭಾರ ಬಿದ್ದದ್ದು ಅವರ ಜಾಗಕ್ಕೆ ಬಂದ ಮಾಜಿ ಶಾಲಾ ಮೇಷ್ಟರು ವುಡ್ರೋ ಲಾಯ್ಡ್ ಅವರ ಹೆಗಲಿಗೆ. ಮಾತು ಕಡಿಮೆ, ಪಟ್ಟು ಗಟ್ಟಿ.

"ನಮ್ಮ ಡಾಕ್ಟರನ್ನು ಉಳಿಸಿ" ಎಂಬ ಸಮಿತಿಗಳು ಊರೂರಿನಲ್ಲಿ ಹುಟ್ಟಿದವು. ಹೆದರಿದ ತಾಯಂದಿರು ಅವುಗಳ ಹಿಂದೆ ನಿಂತರು. ಅವರ ಹೆದರಿಕೆ ಸುಳ್ಳಲ್ಲ. ಪತ್ರಿಕೆಗಳು ಸರ್ಕಾರದ ಮೇಲೆ ಮುಗಿಬಿದ್ದವು. ಬೇಲಿಯಾಚೆಯ ನೆರೆಯವರು ಪರಸ್ಪರ ಮಾತು ಬಿಟ್ಟರು. ಸರ್ಕಾರ ಬ್ರಿಟನ್ನಿನಿಂದ ವಿಮಾನದಲ್ಲಿ ಡಾಕ್ಟರುಗಳನ್ನು ಕರೆಸಿತು. ಸಸ್ಕಟೂನ್, ಪ್ರಿನ್ಸ್ ಆಲ್ಬರ್ಟ್‌ಗಳಲ್ಲಿ ಜನರೇ ಕೂಡಿ ಸಹಕಾರಿ ಕ್ಲಿನಿಕ್ ತೆರೆದರು.

ಜುಲೈ 11ರಂದು ರೆಜೈನಾದ ವಿಧಾನಸಭೆಯ ಮುಂದೆ ಸಮಿತಿಗಳು ಭಾರೀ ಸಭೆ ಕರೆದವು. ಹತ್ತಾರು ಸಾವಿರ ಜನ ನುಗ್ಗಿ ಬರುತ್ತಾರೆಂದು ಲೆಕ್ಕ ಹಾಕಿದ್ದರು. ಬಂದದ್ದು ಐದು ಸಾವಿರದ ಆಸುಪಾಸು.

"ನಮ್ಮಪ್ಪ ಯಾಕೆ ಹೋಗಲಿಲ್ಲ ಗೊತ್ತಾ?" ಎಂದು ಅಜ್ಜಿ ಕೇಳುತ್ತಿದ್ದರು. "ಸರ್ಕಾರದ ಮೇಲೆ ಪ್ರೀತಿಯೇನೂ ಉಕ್ಕಿ ಹರಿದಿರಲಿಲ್ಲ. ಹುಲ್ಲು ಕೊಯ್ಲಿತ್ತು. ಮತ್ತೆ, ನನ್ನ ತಮ್ಮನ ಹೆರಿಗೆಯ ಬಿಲ್ಲು ತೀರಿಸೋಕೆ ಹಸು ಮಾರಿದ್ದು ಅವರಿಗೆ ನೆನಪಿತ್ತು."

ವಿಧಾನಸಭೆಯ ಮುಂದೆ ಬಹುಪಾಲು ಖಾಲಿ ಉಳಿದ ಆ ಹುಲ್ಲುಹಾಸು ಡಾಕ್ಟರುಗಳ ಕಣ್ಣಿಗೂ ಬಿತ್ತು. ಬ್ರಿಟನ್ನಿನ ಆರೋಗ್ಯ ಸೇವೆ ಕಟ್ಟಿದವರಲ್ಲೊಬ್ಬರಾದ ಡಾಕ್ಟರ್, ಲಾರ್ಡ್ ಸ್ಟೀಫನ್ ಟೇಲರ್ ರಾಜಿ ಮಾಡಿಸಲು ಬಂದರು. ಫೀಸೇನು ಅಂದರೆ, ಉತ್ತರದ ಕೆರೆಗಳಲ್ಲಿ ಮೀನು ಹಿಡಿಯುವ ಒಂದು ಪ್ರವಾಸ ಸಾಕು ಅಂದರಂತೆ! ಎರಡೂ ಕಡೆಯವರು ಒಂದೇ ಕೋಣೆಯಲ್ಲಿ ಕೂರಲು ಒಪ್ಪದ್ದರಿಂದ ಸಸ್ಕಟೂನ್‌ನಲ್ಲಿ ಅತ್ತಿಂದಿತ್ತ ತಿರುಗಿ ಒಪ್ಪಿಸಿದರು. ಜುಲೈ 23ಕ್ಕೆ ಸಹಿ ಬಿತ್ತು. ವಿಮೆ ಉಳಿಯಿತು; ಬೇಡವೆಂದ ಡಾಕ್ಟರುಗಳಿಗೆ ಅದರ ಹೊರಗಿರಲು ಅವಕಾಶವೂ ಸಿಕ್ಕಿತು.

1964ರಲ್ಲಿ ಲಾಯ್ಡ್ ಚುನಾವಣೆ ಸೋತರು. ಗೆದ್ದ ಲಿಬರಲ್ ನಾಯಕ ರಾಸ್ ಥ್ಯಾಚರ್ ವಿಮೆಯನ್ನು ತೆಗೆದುಹಾಕಲಿಲ್ಲ. 1966ರಲ್ಲಿ ಒಟ್ಟಾವಾದ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ದೇಶಕ್ಕೆಲ್ಲ ಕಾನೂನು ಮಾಡಿತು. 1968ರಲ್ಲಿ ಥ್ಯಾಚರ್ ಕ್ಲಿನಿಕ್ಕಿನ ಪ್ರತಿ ಭೇಟಿಗೆ ಒಂದೂವರೆ ಡಾಲರ್ ಶುಲ್ಕ ಹಾಕಿದರು. ಅದು ಜನರಿಗೆ ಹಿಡಿಸಲಿಲ್ಲ. 1971ರಲ್ಲಿ ಥ್ಯಾಚರ್ ಸೋತರು. ಹೊಸದಾಗಿ ಬಂದ ಆಲನ್ ಬ್ಲೇಕ್ನಿ ಸರ್ಕಾರ ಆ ಶುಲ್ಕವನ್ನು ಕಿತ್ತುಹಾಕಿತು.

ಡಗ್ಲಸ್ ಹೆಸರು ಇವತ್ತು ದೇಶಕ್ಕೆಲ್ಲ ಗೊತ್ತು. ಲಾಯ್ಡ್ ಹೆಸರು ಕೇಳಿದರೆ ಹೊರಗಿನವರು ಯಾರದು ಅಂತಾರೆ. ಅಜ್ಜಿಯ ಲೆಕ್ಕದಲ್ಲಿ ಮಾತ್ರ, ಕನಸು ಕಂಡವರದು ಅರ್ಧ, ಆ ಇಪ್ಪತ್ತಮೂರು ದಿನ ಬೈಸಿಕೊಂಡು ಕೂತವರದು ಇನ್ನರ್ಧ.