ಹತ್ತದ ಈಡು

ಬರೆಯುವುದು ನನ್ನ ಕಸುಬಲ್ಲ. ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆಯೇ ಆಯುಷ್ಯ ಕಳೆದವನು ನಾನು. ಆದರೂ ನಿವೃತ್ತನಾಗಿ ಊರಿಗೆ ಮರಳಿದ ಮೇಲೆ ಕಂಡ ಒಂದು ದೃಶ್ಯ ನನ್ನನ್ನು ಸುಮ್ಮನಿರಲು ಬಿಡಲಿಲ್ಲ.

2022ರಲ್ಲಿ ಕೇರಳ ಸರಕಾರವು ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿತಷ್ಟೆ. ಅಂದಿನಿಂದ ನಮ್ಮ ಕಾಸರಗೋಡಿನ ತೋಟಗಳಲ್ಲಿ ಪರವಾನಗಿಯ ಹಳೆಯ ಕೋವಿಗಳಿಗೆ ಮತ್ತೆ ಕೆಲಸ ಬಂದಿದೆ. ಒಂದು ಸಂಜೆ ನೆರೆಯವರು ಕುದುರೆ ಎಳೆದರು. ಟಿಕ್ ಎಂಬ ಸದ್ದು ಮಾತ್ರ ಬಂತು. ಅವರು ಕೂಡಲೇ ಕೋವಿಯನ್ನು ಮುರಿದು ತೋಟೆಯನ್ನು ಹೊರಗೆಳೆದು ಮೂಗಿನ ಹತ್ತಿರ ಹಿಡಿದು ನೋಡಿದರು. ನನ್ನ ಎದೆ ಧಸಕ್ಕೆಂದಿತು. ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಒಂದು ರಾತ್ರಿ ನೆನಪಾಯಿತು.

1988ರಲ್ಲಿ ನನಗೆ ಜಹೀರಾಬಾದಿಗೆ ವರ್ಗವಾಯಿತು. ಆ ಸೀಮೆಯ ಕಥೆಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳೂ ಗುಲ್ಬರ್ಗ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶದ ಪಾಲಾದವು. 2014ರಿಂದ ಅವು ತೆಲಂಗಾಣದಲ್ಲಿವೆ. ಅಲ್ಲಿ ನನ್ನ ಕನ್ನಡ ಕೇಳಿ ಓಡೋಡಿ ಬಂದು ಮಾತಾಡಿಸಿದವರು ಒಬ್ಬ ಹಿರಿಯ ರೈತರು. ಎಲ್ಲರಂತೆ ನಾನೂ ಅವರನ್ನು ಕಾಕಾ ಎನ್ನುತ್ತಿದ್ದೆ. 1948ರ ಸೆಪ್ಟೆಂಬರಿನಲ್ಲಿ ಸೊಲ್ಲಾಪುರದ ಕಡೆಯಿಂದ ಹೈದರಾಬಾದಿಗೆ ಹೊರಟ ಭಾರತದ ಸೇನೆ ಜಹೀರಾಬಾದಿನ ಮೇಲೆ ಹಾದುಹೋದುದನ್ನು ಅವರು ಹುಡುಗರಾಗಿ ಕಂಡಿದ್ದರು.

ಕಾಕಾ ಅವರ ಬಳಿ ಬೆಳೆ ಕಾಯಲು ಪರವಾನಗಿ ಪಡೆದ ಹನ್ನೆರಡು ಬೋರಿನ ಒಂಟಿ ನಳಿಗೆಯ ಬಂದೂಕಿತ್ತು. ಕಬ್ಬಿನ ಹೊಲಕ್ಕೆ ಹಂದಿ ನುಗ್ಗಿದರೆ ಆಕಾಶಕ್ಕೆ ಹಾರಿಸಿ ಓಡಿಸುವುದಕ್ಕೆ ಅದು. ನಾವು ತೋಟೆ ಎನ್ನುವುದು ಅವರ ಬಾಯಲ್ಲಿ ಕಾರತೂಸು. ಸುಟ್ಟ ಹಿತ್ತಾಳೆ ಕೇಸುಗಳ ಹಳೆಯ ಕೇಪು ತೆಗೆದು, ಹೊಸದನ್ನು ಕೂರಿಸಿ, ಮದ್ದು ತುಂಬಿ ಅವರು ಮತ್ತೆ ಬಳಸುತ್ತಿದ್ದರು. ಬಂದೂಕನ್ನು ನನ್ನ ಕೈಗೆ ಎಂದೂ ಕೊಟ್ಟವರಲ್ಲ. ಕೇಸು ಒರೆಸಿಡುವ ಕೆಲಸ ಮಾತ್ರ ನನ್ನದು.

ಮಳೆಗಾಲದ ಒಂದು ರಾತ್ರಿ ಕಬ್ಬಿನಲ್ಲಿ ಸದ್ದಾಯಿತು. ಕಾಕಾ ಕುದುರೆ ಎಳೆದರು. ಈಡು ಹತ್ತಲಿಲ್ಲ. ಸ್ವಲ್ಪ ಹೊತ್ತು ಕಾದು ತೋಟೆ ಬದಲಿಸಿದರು, ಎರಡನೆಯದೂ ಹಾಗೆಯೇ. “ನಾರಾಯಣಖೇಡದ ಆ ಅಂಗಡಿಯವನು ಕೆಟ್ಟ ಕೇಪು ಕೊಟ್ಟಿದ್ದಾನೆ” ಎಂದು ನಾನು ನಾಲ್ಕು ಜನರೆದುರು ಹೇಳಿಬಿಟ್ಟೆ. ಮೂರನೆಯದೂ ಟಿಕ್ ಎಂದಾಗ ತಾಳ್ಮೆ ತಪ್ಪಿ, “ತೆಗೀರಿ ಅದನ್ನು” ಎನ್ನುತ್ತಾ ನಾನೇ ಬಂದೂಕಿನ ಕೀಲಿಗೆ ಕೈ ಹಾಕಿದೆ. ಕಾಕಾ ನನ್ನ ಕೈಯನ್ನು ಫಟ್ಟನೆ ಹೊಡೆದು ತಳ್ಳಿದರು. “ಬಿಚ್ಚಬ್ಯಾಡ್ರಿ ಸಾಹೇಬ್ರೆ! ಅದರ ಹೊಟ್ಟ್ಯಾಗ ಇನ್ನಾ ಬೆಂಕಿ ಅದ!”

ಆ ಮಾತು ಮುಗಿಯುವಷ್ಟರಲ್ಲಿ ಬಂದೂಕು ಢಮಾರೆಂದಿತು. ನಳಿಗೆ ಆಕಾಶ ನೋಡುತ್ತಿತ್ತು, ಬಂದೂಕಿನ ಬಾಯಿ ಮುಚ್ಚಿತ್ತು. ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ನಾನು ಅದನ್ನು ತೆರೆದಿದ್ದರೆ ಈ ಲೇಖನ ಬರೆಯುತ್ತಿರುವ ಕೈಯೂ ಕಣ್ಣೂ ಉಳಿಯುತ್ತಿದ್ದವೇ?

ಬೆಳಗ್ಗೆ ಕಾಕಾ ಯಾರನ್ನೂ ಬೈಯಲಿಲ್ಲ. ಹತ್ತದೆ ಉಳಿದ ಎರಡು ತೋಟೆಗಳನ್ನು ಜಗಲಿಯ ಮೇಲಿಟ್ಟು ಕೇಪಿನ ಗುಳಿಯನ್ನು ತೋರಿಸಿದರು. ಒಂದರಲ್ಲಿ ಗುಳಿ ಮೇಲುಮೇಲಷ್ಟೆ. ಆ ಕೇಪು ತಳದವರೆಗೆ ಕೂತಿರಲಿಲ್ಲ. ಪಿನ್ನಿನ ಪೆಟ್ಟೆಲ್ಲ ಅದನ್ನು ಒಳಕ್ಕೆ ತಳ್ಳುವುದರಲ್ಲೇ ಖರ್ಚಾಗಿತ್ತು. ಇನ್ನೊಂದರಲ್ಲಿ ಗುಳಿ ಆಳವಾಗಿತ್ತು. ಅಂದರೆ ಪಿನ್ನಿನ ತಪ್ಪಲ್ಲ, ಕೇಪೇ ಸತ್ತಿದೆ. ಏಕೆ ಸತ್ತಿತು ಎಂದು ಯೋಚಿಸುತ್ತಾ ಅವರು ಕೇಸನ್ನು ಬೆರಳಿನಿಂದ ಸವರಿದರು. ಬೆರಳು ಜಾರಿತು.

ಆಗ ನಾನು ಒಪ್ಪಿಕೊಳ್ಳಬೇಕಾಯಿತು. ಕರಾವಳಿಯ ಮಳೆಗೆ ಕತ್ತಿ, ಕೊಡಲಿ, ಬಾಗಿಲ ಚಿಲಕ, ಎಲ್ಲಕ್ಕೂ ಎಣ್ಣೆ ಹಚ್ಚಿ ಬೆಳೆದವನು ನಾನು. ತೇವ ಹಿಡಿಯಬಾರದೆಂಬ ಕಾಳಜಿಯಿಂದ ತುಂಬಿದ ತೋಟೆಗಳಿಗೂ ಎಣ್ಣೆಬಟ್ಟೆ ಒರೆಸಿಟ್ಟಿದ್ದೆ. ಕೇಪಿನ ಸುತ್ತಲಿನ ಸಂದಿನಿಂದ ಎಣ್ಣೆ ಒಳಕ್ಕೆ ಇಳಿದು ಅದರ ಮದ್ದನ್ನು ಕೆಡಿಸಿತ್ತು. ಅರೆಕೆಟ್ಟ ಕೇಪಿನ ಬೆಂಕಿ ಕುಂಟುತ್ತಾ ಹೋಗಿ ಮೂರನೆಯ ಈಡು ತಡವಾಗಿ ಹತ್ತಿತ್ತು. ಕಾಕಾ ನಕ್ಕರು: “ನಿಮ್ಮೂರಾಗ ಮಳಿಗಿ ಎಣ್ಣಿ. ಕಾರತೂಸಿಗಿ ಎಣ್ಣಿನೇ ಮಳಿ.”

ನಗುವಿಗೇ ಮುಗಿಯಲಿಲ್ಲ. ಮುಂದಿನ ಭಾನುವಾರ ನನ್ನನ್ನು ಬಸ್ಸು ಹತ್ತಿಸಿ ನಾರಾಯಣಖೇಡಕ್ಕೆ ಕರೆದೊಯ್ದರು. ಆ ಅಂಗಡಿಯವರ ಕ್ಷಮೆ ಕೇಳಬೇಕಿತ್ತು. ಉರ್ದು ಬೆರೆತ ಕನ್ನಡದಲ್ಲಿ ಅವರು “ಅದೆಲ್ಲ ಇರಲಿ, ಚಹಾ ಕುಡೀರಿ” ಎಂದುಬಿಟ್ಟರು. ಕೇಪಿನ ಡಬ್ಬಿ ತಪ್ಪು ಮಾಡಿರಲಿಲ್ಲ; ಮಾಡಿದ್ದು ನನ್ನ ಕೈ, ಅದಕ್ಕಿಂತ ಹೆಚ್ಚಾಗಿ ನನ್ನ ನಾಲಿಗೆ.

ಮುಂದೆ 1991ರಲ್ಲಿ ತಾಂಡೂರಿಗೆ ಹೋದೆ, ನೆಲಕ್ಕೆ ಹಾಸುವ ಕಲ್ಲು, ತೊಗರಿಬೇಳೆಗಳ ಊರಿಗೆ. ನಮ್ಮ ಬ್ಯಾಂಕಿನ ಗ್ರಾಹಕರಾಗಿದ್ದ ಒಬ್ಬ ಮಾಜಿ ಸೈನಿಕರ ಬಳಿ .315 ಬೋರಿನ ರೈಫಲಿತ್ತು. ರೈಫಲಿನ ಕಾರತೂಸನ್ನು ಮನೆಯಲ್ಲಿ ತುಂಬುವುದಕ್ಕೆ ಅವರು ಸುತರಾಂ ಒಪ್ಪುತ್ತಿರಲಿಲ್ಲ. ಅದರೊಳಗಿನ ಒತ್ತಡ ನಮ್ಮ ಬಂದೂಕಿನದಕ್ಕಿಂತ ಹಲವು ಪಟ್ಟು. ಕೆಲವು ಹೊರದೇಶಗಳಲ್ಲಿ ಗುರಿಕಾರರು ತುಂಬಿಕೊಳ್ಳುತ್ತಾರೆ, ನಿಜ. ಅಚ್ಚಿನಲ್ಲಿ ಒತ್ತುವಾಗ ಕೇಸಿನ ಭುಜ ತುಸು ಹೆಚ್ಚು ಹಿಂದಕ್ಕೆ ಸರಿದರೆ ಪಿನ್ನು ಬಡಿದಾಗ ಇಡೀ ಕಾರತೂಸೇ ಮುಂದಕ್ಕೆ ಜಾರಿ ಪೆಟ್ಟು ವ್ಯರ್ಥವಾಗುತ್ತದೆ ಎಂದು ಅವರೇ ವಿವರಿಸಿದರು. ಒಂದು ಚಳಿಗಾಲ ಅವರ ರೈಫಲಿನಲ್ಲೂ ಕಾರ್ಖಾನೆಯ ಹೊಸ ಕಾರತೂಸುಗಳು ಹತ್ತಲಿಲ್ಲ. ಗುಳಿಗಳೆಲ್ಲ ಮೇಲುಮೇಲೆ. ಬೋಲ್ಟು ಬಿಚ್ಚಿದರೆ ಹಳೆಯ ಗ್ರೀಸು ಗಟ್ಟಿಯಾಗಿ ಪಿನ್ನಿನ ಓಟವನ್ನು ತಡೆಯುತ್ತಿತ್ತು. ಒರೆಸಿದರು, ಸರಿಯಾಯಿತು. ಅಲ್ಲಿಯೂ ಅತಿಯಾದ ಆರೈಕೆಯೇ ಕೆಡುಕಾಗಿತ್ತು.

ನೆರೆಯವರಿಗೆ ನಾನು ಹೇಳಿದ್ದು ಇಷ್ಟೇ. ಈಡು ಹತ್ತದಿದ್ದರೆ ನಳಿಗೆಯನ್ನು ಜನರಿಲ್ಲದ ಕಡೆಗೆ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ. ಕೇಪಿನ ಕೋವಿಯಾದರೆ ಇನ್ನೂ ಹೆಚ್ಚು. ಪುಸ್ ಎಂದು ಸಣ್ಣ ಸದ್ದಷ್ಟೇ ಬಂದರೆ ಇನ್ನೊಂದು ಈಡು ಹೊಡೆಯಲೇಬಾರದು. ಗುಂಡೋ ಬಿರಡೆಯೋ ನಳಿಗೆಯಲ್ಲಿ ಸಿಕ್ಕಿದ್ದರೆ ನಳಿಗೆಯೇ ಸಿಡಿದೀತು. ಕೋವಿ ಖಾಲಿ ಮಾಡಿ, ಬೆಳಕಿನಲ್ಲಿ ನಳಿಗೆ ತೆರವಾಗಿದೆಯೇ ನೋಡಿ. ಆಮೇಲೆ ಗುಳಿ ನೋಡಿ. ಒಂದೊಂದೇ ಕಾರಣವನ್ನು ಹುಡುಕಿ. ಯಾರನ್ನಾದರೂ ದೂರುವುದಿದ್ದರೆ ಅದಾದ ಮೇಲೆ.

ಕಾಕಾ ಈಗಿಲ್ಲ. ಕಳೆದ ಸಲ ಅವರ ಮನೆಗೆ ಹೋಗಿದ್ದೆ. ತೆಲುಗಿನಲ್ಲಿ ಓದಿ ಬೆಳೆದ ಮೊಮ್ಮಗ ಬಾಗಿಲು ತೆರೆದ. ಇವನಿಗೆ ಕನ್ನಡ ಎಲ್ಲಿ ಬರಬೇಕು ಎಂದುಕೊಂಡು ನನ್ನ ಹರಕು ತೆಲುಗಿನಲ್ಲಿ ಮಾತು ಶುರುಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ನನ್ನ ಮುಖ ನೋಡಿದ. ಆಮೇಲೆ, “ಯಾಕ್ರಿ ಸಾಹೇಬ್ರೆ, ಕನ್ನಡ ಮರ್ತೀರೇನ್ರಿ?” ಎಂದು ಕೇಳಿದ.

ನಾನು ಕಾಯದೆ ಕೈ ಹಾಕಿದ್ದು ಅದು ಎರಡನೆಯ ಸಲ.